ಗಂಟೆ ಬಾರಿಸುವ ಮೊದಲು: ವಿದ್ಯಾರ್ಥಿಗಳ ಏಕವ್ಯಕ್ತಿ ಸಂಗೀತ ಸ್ಪರ್ಧೆಗಳ ಸಂಘಟಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ವಿದ್ಯಾರ್ಥಿಗಳ ಏಕವ್ಯಕ್ತಿ ಗಾಯನ ಮತ್ತು ವಾದನ ಸ್ಪರ್ಧೆಗಳನ್ನು ನಡೆಸುವವರು, ಅವುಗಳ ನಿಯಮಾವಳಿ ಬರೆಯುವವರು, ತೀರ್ಪುಗಾರರ ಮೇಜಿನಲ್ಲಿ ಕೂರುವವರು ಎಲ್ಲರನ್ನೂ ಉದ್ದೇಶಿಸಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಪಿಯಾನೊ ಕಲಿಸುವವನು. ಸ್ಪರ್ಧೆಯ ದಿನಗಳಲ್ಲಿ ಫ್ಲೂಟ್, ಕ್ಲಾರಿನೆಟ್, ಟ್ರಂಪೆಟ್, ಪಿಟೀಲು ನುಡಿಸುವ ಮಕ್ಕಳಿಗೂ ಹಾಡುವ ಮಕ್ಕಳಿಗೂ ಪಕ್ಕವಾದ್ಯವಾಗಿ ಪಿಯಾನೊ ನುಡಿಸುತ್ತೇನೆ. ಕೆಲವು ಸಲ ತೀರ್ಪುಗಾರನಾಗಿಯೂ ಕುಳಿತಿದ್ದೇನೆ. ಹೀಗಾಗಿ ಸಮಯ ಮುಗಿಯುತ್ತಿದೆಯೆಂದು ಎಚ್ಚರಿಸಲು ಬಾರಿಸುವ ಗಂಟೆಯ ಎರಡೂ ಕಡೆಯ ಅನುಭವ ನನಗಿದೆ. ಕಾಲಮಿತಿಯನ್ನು ನೀವು ವೇಳಾಪಟ್ಟಿಗೆ ಸಂಬಂಧಪಟ್ಟ ಒಂದು ಸಾಲು ಎಂದುಕೊಂಡು ಬರೆಯುತ್ತೀರಿ, ಆದರೆ ಮಕ್ಕಳು ಆ ವರ್ಷ ಯಾವ ಸಂಗೀತ ಕಲಿಯಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ತೀರ್ಮಾನಿಸುವುದು ಆ ಒಂದು ಸಾಲೇ ಎಂಬುದು ನನ್ನ ಅಹವಾಲಿನ ತಿರುಳು.

ನಡೆದ ಒಂದು ಸಂಗತಿಯನ್ನು ಮೊದಲು ಹೇಳುತ್ತೇನೆ. ಹದಿನೈದು ವರ್ಷದ ಒಬ್ಬ ಹುಡುಗಿ ಫ್ಲೂಟ್ ಸ್ಪರ್ಧೆಗೆ ಫ್ರೆಂಚ್ ಸಂಗೀತ ರಚನಕಾರ್ತಿ ಸೆಸಿಲ್ ಶಾಮಿನಾದ್ ಅವರ ಕನ್ಸರ್ಟಿನೊ (ಏಕವಾದಕರು ವಾದ್ಯವೃಂದದೊಡನೆ ನುಡಿಸುವ ಚಿಕ್ಕ ಕೃತಿ) ಆರಿಸಿಕೊಂಡಿದ್ದಳು. ಅವಸರಪಡದೆ ನುಡಿಸಿದರೆ ಅದಕ್ಕೆ ಸುಮಾರು 8 ನಿಮಿಷ ಬೇಕು. ಸ್ಪರ್ಧೆಯ ಮಿತಿ 7 ನಿಮಿಷವಾಗಿತ್ತು, ಮೀರಿದ ಪ್ರತಿ 15 ಸೆಕೆಂಡಿಗೆ ಒಂದು ಅಂಕ ಕಡಿತವಿತ್ತು. ಕೃತಿಯನ್ನು ಪೂರ್ಣವಾಗಿ ನುಡಿಸತಕ್ಕದ್ದು ಎಂಬ ನಿಯಮವೂ ಅದೇ ಪುಟದಲ್ಲಿತ್ತು, ಕೃತಿಯ ಹೆಸರೂ ಸಂಘಟಕರೇ ಕೊಟ್ಟ ಪಟ್ಟಿಯಲ್ಲಿತ್ತು. ಮೂರನ್ನೂ ಒಟ್ಟಿಗೆ ಓದಿದವರು ಆ ಸಮಿತಿಯಲ್ಲಿ ಯಾರೂ ಇರಲಿಲ್ಲವೆಂದು ಕಾಣುತ್ತದೆ. ಅಭ್ಯಾಸಕ್ಕೆ ಬಂದಾಗಲೆಲ್ಲ ಅವಳ ಕೈಯಲ್ಲಿ ಗಡಿಯಾರವಿರುತ್ತಿತ್ತು. ವಾರಕ್ಕೆ ಒಂದು ಮೆಟ್ಟಿಲಿನಂತೆ ಲಯ ಹಿಡಿಯುವ ಯಂತ್ರವಾದ ಮೆಟ್ರೊನೋಮ್ ಏರಿಸುತ್ತ ಬಂದೆವು. "ಸರ್, ಇನ್ನೂ 11 ಸೆಕೆಂಡ್ ಉಳಿಸಬೇಕು" ಎಂದು ಅವಳು ಒಂದು ಸಂಜೆ ಹೇಳಿದಾಗ, ಎಲ್ಲಿಂದ ಉಳಿಸುವುದು ಎಂದು ಇಬ್ಬರೂ ಸ್ವರಲಿಪಿಯ ಮೇಲೆ ಬೆರಳಿಟ್ಟು ಹುಡುಕಿದೆವು. ಉಳಿತಾಯ ಸಿಕ್ಕಿದ್ದು ಮೌನಗಳಲ್ಲಿ. ಒಂದು ದೀರ್ಘ ಸ್ವರದ ಮೇಲಿನ ನಿಲುಗಡೆಯಿಂದ ಎರಡು ಸೆಕೆಂಡು, ಕಡೆಂಜಾ (ಏಕವಾದಕರು ಒಂಟಿಯಾಗಿ ಕೈಚಳಕ ತೋರುವ ಭಾಗ) ಮುಗಿದ ಮೇಲೆ ಮೊದಲ ರಾಗ ಮರಳುವ ಮುನ್ನ ಇರಬೇಕಾದ ಉಸಿರಿನಿಂದ ಎರಡು ಸೆಕೆಂಡು, ಹೀಗೆ ಕಿತ್ತು ಕೂಡಿಸಿದೆವು.

ಸ್ಪರ್ಧೆಯ ದಿನ ಸಮಯಪಾಲಕರು ಮೊದಲ ಸಾಲಿನಲ್ಲೇ ಕುಳಿತಿದ್ದರು. 6ನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ. ಅದು ಬಿದ್ದದ್ದು ಸರಿಯಾಗಿ ಆ ಮೊದಲ ರಾಗ ಮರಳಿ ಬಂದ ಮೂರನೆಯ ಬಾರಿನಲ್ಲಿ (ಸ್ವರಲಿಪಿಯಲ್ಲಿ ಗೆರೆ ಹಾಕಿ ವಿಂಗಡಿಸಿದ ತಾಳದ ಒಂದು ಅಳತೆ). ಇಡೀ ಕೃತಿ ಯಾವ ಜಾಗಕ್ಕಾಗಿ ಕಾದಿರುತ್ತದೋ ಆ ಜಾಗದಲ್ಲಿ ಹುಡುಗಿಯ ಕಣ್ಣು ಗಂಟೆಯ ಕಡೆಗೆ ಹೋಯಿತು, ಅವಳು ಎಂದೂ ಉಸಿರು ತೆಗೆದುಕೊಳ್ಳದ ಎಡೆಯಲ್ಲಿ ಉಸಿರು ತೆಗೆದುಕೊಂಡಳು, ಉದ್ದನೆಯ ಒಂದು ಸಾಲು ನಡುವೆ ತುಂಡಾಯಿತು. ಅಲ್ಲಿಂದ ಕೊನೆಯವರೆಗೆ ನಾನು ಅವಳ ಹಿಂದೆ ಓಡಿದೆ. 6 ನಿಮಿಷ 52 ಸೆಕೆಂಡಿಗೆ ಮುಗಿಯಿತು. ಒಂದು ಅಂಕವೂ ಕಡಿತವಾಗಲಿಲ್ಲ. ತೀರ್ಪಿನ ಹಾಳೆಯಲ್ಲಿ ಬರೆದಿದ್ದ ಮಾತು ಇಷ್ಟು: ನಾದ ಚೆನ್ನಾಗಿದೆ, ಕೊನೆಯಲ್ಲಿ ಆತುರ.

ಆ ತೀರ್ಪುಗಾರರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿದ್ದನ್ನೇ ಬರೆದರು. ಆದರೆ ಆತುರ ಆ ಹುಡುಗಿಯದಾಗಿರಲಿಲ್ಲ.

ಈ ಕೃತಿಯ ಹುಟ್ಟಿನ ಕಥೆ ಗೊತ್ತಿದ್ದರೆ ನಡೆದದ್ದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಶಾಮಿನಾದ್ ಅವರ ಕನ್ಸರ್ಟಿನೊ 1902ರಲ್ಲಿ ಪ್ಯಾರಿಸ್ ಕನ್ಸರ್ವೇಟರಿಯ ಫ್ಲೂಟ್ ವಿದ್ಯಾರ್ಥಿಗಳ ವಾರ್ಷಿಕ ಸ್ಪರ್ಧೆಗೆಂದೇ ರಚನೆಯಾದದ್ದು. ಆ ಸಂಸ್ಥೆ ತನ್ನ ಸ್ಪರ್ಧೆಗಳಿಗಾಗಿ ಸಂಗೀತಕಾರರಿಂದ ಹೊಸ ಕೃತಿಗಳನ್ನು ಬರೆಸುತ್ತಿತ್ತು. ಗೇಬ್ರಿಯಲ್ ಫೋರೆ 1898ರಲ್ಲಿ ಫ್ಲೂಟ್‌ಗೆ ಫ್ಯಾಂಟಸಿ ಬರೆದುಕೊಟ್ಟರು, ಜಾರ್ಜ್ ಎನೆಸ್ಕು 1904ರಲ್ಲಿ ಕಾಂತಾಬಿಲೆ ಎ ಪ್ರೆಸ್ಟೊ ಬರೆದರು, ಕ್ಲೋಡ್ ಡೆಬ್ಯುಸಿ 1910ರ ಸ್ಪರ್ಧೆಗೆ ಕ್ಲಾರಿನೆಟ್ ರ‍್ಯಾಪ್ಸಡಿ ಬರೆದು ತೀರ್ಪುಗಾರರ ಮಂಡಳಿಯಲ್ಲೂ ಕುಳಿತರು. ಇವೆಲ್ಲ ಸುಮಾರು 5ರಿಂದ 8 ನಿಮಿಷದೊಳಗಿನ ಕೃತಿಗಳು. ಸ್ಪರ್ಧೆಗೆ ಹುಟ್ಟಿ ಸ್ಪರ್ಧೆಯನ್ನು ಮೀರಿ ಇಂದಿಗೂ ಕಛೇರಿಗಳಲ್ಲಿ ಬಾಳುತ್ತಿರುವಂಥವು. ಎನೆಸ್ಕು ಅವರ ಕೃತಿಯ ಹೆಸರಿನಲ್ಲೇ ಅದರ ಯೋಜನೆ ಇದೆ: ಮೊದಲು ಹಾಡಿದಂತೆ ನಿಧಾನವಾಗಿ, ಆಮೇಲೆ ಬಹು ವೇಗವಾಗಿ. ಮೊದಲ ಅರ್ಧದಲ್ಲಿ ವಿದ್ಯಾರ್ಥಿಯ ನಾದ, ಉಸಿರು, ಶ್ರುತಿ ಬಯಲಾಗುತ್ತವೆ, ಎರಡನೆಯ ಅರ್ಧದಲ್ಲಿ ಬೆರಳು ಮತ್ತು ನಾಲಗೆ. ಫೋರೆ ಅವರದ್ದೂ ಹೆಚ್ಚುಕಡಿಮೆ ಇದೇ ಹಾದಿ. ಡೆಬ್ಯುಸಿ ಅವರ ಕೃತಿಯಂತೂ ಕನಸಿನಲ್ಲಿದ್ದಂತೆ ಮೆಲ್ಲಗೆ ಶುರುವಾಗುತ್ತದೆ; ಮೊದಲ ಅರ್ಧ ನಿಮಿಷದಲ್ಲಿ ಕೈಚಳಕ ತೋರಿಸಲು ಅಲ್ಲಿ ಅವಕಾಶವೇ ಇಲ್ಲ.

ಆ ಸಂಸ್ಥೆಯಲ್ಲಿ ಕಾಲಮಿತಿ ಮತ್ತು ಕೃತಿ ಎರಡೂ ಒಂದೇ ಮೇಜಿನ ಮೇಲೆ ತೀರ್ಮಾನವಾಗುತ್ತಿದ್ದವು ಎಂಬುದು ಇದರಲ್ಲಿ ನಾನು ಗಮನಿಸುವ ಅಂಶ. ಎಷ್ಟು ಹೊತ್ತು ಕೇಳಬೇಕೋ ಅಷ್ಟು ಹೊತ್ತಿನಲ್ಲಿ ವಿದ್ಯಾರ್ಥಿಯ ಪೂರ್ತಿ ಪರಿಚಯವಾಗುವಂಥ ಸಂಗೀತವನ್ನು ಬರೆಸಿದರು. ನಮ್ಮಲ್ಲಿ ಅದು ತಿರುವುಮುರುವಾಗಿದೆ. ಎಷ್ಟು ಸ್ಪರ್ಧಿಗಳು ಬರಬಹುದು, ಸಭಾಂಗಣ ಎಷ್ಟು ಗಂಟೆಗೆ ಖಾಲಿಯಾಗಬೇಕು ಎಂದು ಮೊದಲು ಲೆಕ್ಕ ಹಾಕುತ್ತೇವೆ, ಭಾಗಿಸಿ ಬಂದ ಸಂಖ್ಯೆಯನ್ನು ಕಾಲಮಿತಿ ಎಂದು ಅಚ್ಚು ಹಾಕುತ್ತೇವೆ, ಇನ್ನೂರು ವರ್ಷದ ಹಿಂದಿನ ಸಂಗೀತ ಆ ಸಂಖ್ಯೆಯೊಳಗೆ ತಾನಾಗಿ ಮುದುಡಿಕೊಳ್ಳಲಿ ಎಂದು ಬಯಸುತ್ತೇವೆ.

ಮುದುಡಿಸುವ ಕೆಲಸ ಶಿಕ್ಷಕರ ಪಾಲಿಗೆ ಬರುತ್ತದೆ. ಏಕವಾದಕರು ವಾದ್ಯವೃಂದದೊಡನೆ ನುಡಿಸುವ ಕನ್ಸರ್ಟೊಗಳನ್ನೇ ನೋಡಿ. ಮೊಜಾರ್ಟ್ 1791ರಲ್ಲಿ ಬರೆದ ಕ್ಲಾರಿನೆಟ್ ಕನ್ಸರ್ಟೊದ ಮೊದಲ ಮೂವ್‌ಮೆಂಟಿನಲ್ಲಿ, ಅಂದರೆ ಮೊದಲ ಖಂಡದಲ್ಲಿ, ಏಕವಾದಕ ದನಿ ತೆಗೆಯುವುದು 57ನೆಯ ಬಾರಿನಲ್ಲಿ. ಬೀಥೋವನ್ 1806ರಲ್ಲಿ ಬರೆದ ಪಿಟೀಲು ಕನ್ಸರ್ಟೊದಲ್ಲಿ 89ನೆಯ ಬಾರಿನಲ್ಲಿ. ಅಷ್ಟರಲ್ಲಿ ಸುಮಾರು 3 ನಿಮಿಷ ಕಳೆದಿರುತ್ತದೆ. ಮೆಂಡೆಲ್‌ಸೋನ್ 1844ರಲ್ಲಿ ಮುಗಿಸಿದ ಪಿಟೀಲು ಕನ್ಸರ್ಟೊದಲ್ಲಾದರೋ ಎರಡನೆಯ ಬಾರಿನಲ್ಲೇ ಪಿಟೀಲು ಮೊದಲಾಗುತ್ತದೆ. ಮಿತಿ 6 ನಿಮಿಷವಿದ್ದು ನಿಮ್ಮ ಗಡಿಯಾರ ಪಿಯಾನೊದ ಮೊದಲ ಸ್ವರದಿಂದ ಓಡಲು ಶುರುಮಾಡಿದರೆ ಮೆಂಡೆಲ್‌ಸೋನ್ ಆರಿಸಿದ ಮಗುವಿಗೆ ಪೂರ್ತಿ 6 ನಿಮಿಷ ಸಿಗುತ್ತದೆ, ಬೀಥೋವನ್ ಆರಿಸಿದ ಮಗುವಿಗೆ ಅದರ ಅರ್ಧ. ವಾದ್ಯವೃಂದದ ಆ ಪೀಠಿಕೆಯನ್ನು ಪಿಯಾನೊದಲ್ಲಿ ಕೇಳುವುದಕ್ಕೆ ಯಾರೂ ಬಂದಿರುವುದಿಲ್ಲ, ಅದನ್ನು ನುಡಿಸುವ ನನಗೂ ಆ ಬಗ್ಗೆ ಭ್ರಮೆ ಇಲ್ಲ. ಏಕವಾದಕ ಪ್ರವೇಶಿಸುವ ಮುಂಚಿನ ನಾಲ್ಕೋ ಎಂಟೋ ಬಾರುಗಳಿಂದ ಆರಂಭಿಸಿದರೆ ಶ್ರುತಿಯೂ ಲಯವೂ ಮನಸ್ಸಿಗೆ ನಿಲ್ಲುತ್ತವೆ, ಅಷ್ಟು ಸಾಕು. ಆದರೆ ನಿಯಮದಲ್ಲಿ ಅದಕ್ಕೆ ಅವಕಾಶವಿದೆಯೇ ಇಲ್ಲವೇ ಎಂದು ಬರೆದಿರದಿದ್ದಾಗ, ಅನುಭವಿ ಶಿಕ್ಷಕರ ಮಕ್ಕಳು ಧೈರ್ಯವಾಗಿ ಕತ್ತರಿಸಿಕೊಂಡು ಬರುತ್ತಾರೆ, ಹೊಸ ಶಿಕ್ಷಕರ ಮಕ್ಕಳು ಕೈಕಟ್ಟಿಕೊಂಡು 3 ನಿಮಿಷ ವೇದಿಕೆಯ ಮೇಲೆ ನಿಂತಿರುತ್ತಾರೆ.

ಪೀಠಿಕೆಯನ್ನು ಕತ್ತರಿಸುವುದು ಹಗುರವಾದ ಸಂಗತಿ. ಕೃತಿಯ ಒಡಲನ್ನು ಕತ್ತರಿಸುವುದು ಹಾಗಲ್ಲ. ಸೊನಾಟಾ ರೂಪದ ಮೂವ್‌ಮೆಂಟಿನಲ್ಲಿ ಮೊದಲು ಒಂದು ರಾಗ ಮನೆಯ ಶ್ರುತಿಯಲ್ಲಿ ಬರುತ್ತದೆ, ಇನ್ನೊಂದು ಬೇರೆ ಶ್ರುತಿಯಲ್ಲಿ; ನಡುವೆ ಎರಡನ್ನೂ ಬಿಡಿಸಿ, ಕೆದಕಿ, ದೂರದ ಶ್ರುತಿಗಳಿಗೆ ಅಲೆಸಿ, ಕೊನೆಗೆ ಎರಡನ್ನೂ ಮನೆಗೆ ಕರೆತರುತ್ತಾರೆ. ಮೊದಲ ಭಾಗ ಮುಗಿದೊಡನೆ ಗಂಟೆ ಬಾರಿಸಿ ನಿಲ್ಲಿಸಿದರೆ ಅರ್ಧ ಹೇಳಿದ ಕಥೆಯಾಗುತ್ತದೆ. ಮಿತಿಯೊಳಗೆ ಹೊಂದಿಸಲು ನಡುವಿನ ಭಾಗವನ್ನು ಎಗರಿಸಿ ಮೊದಲನೆಯದಕ್ಕೆ ಕೊನೆಯದನ್ನು ಅಂಟಿಸಿದರೆ ಊರಾಚೆ ಹೆಜ್ಜೆಯಿಡದವನು ಪ್ರವಾಸದಿಂದ ಮರಳಿದಂತೆ. ಮೆಂಡೆಲ್‌ಸೋನ್ ಕಡೆಂಜಾವನ್ನು ರೂಢಿಯಂತೆ ಕೊನೆಗಿಡದೆ ಆ ನಡುವಿನ ಭಾಗದ ತುದಿಗೆ ತಂದರು. ಪಿಟೀಲಿನ ಕಮಾನು ತಂತಿಯಿಂದ ತಂತಿಗೆ ಪುಟಿಯುತ್ತಿರುವಾಗಲೇ ಅದರಡಿಯಲ್ಲಿ ವಾದ್ಯವೃಂದ ಮೊದಲ ರಾಗವನ್ನು ಎತ್ತಿಕೊಳ್ಳುತ್ತದೆ. ಅಂಟಿನ ಕೆಲಸದಲ್ಲಿ ಸಾಮಾನ್ಯವಾಗಿ ಬಲಿಯಾಗುವುದು ಈ ಜಾಗವೇ. ಇಡೀ ಮೂವ್‌ಮೆಂಟಿನಲ್ಲಿ ಒಂದೇ ಒಂದು ಎಡೆಯನ್ನು ಆ ಮಗು ಜೀವನಪೂರ್ತಿ ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಿರಬೇಕಿತ್ತು.

ಕತ್ತರಿಗಿಂತ ದೊಡ್ಡ ನಷ್ಟ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದು ವೇದಿಕೆಗೇ ಬರುವುದಿಲ್ಲ. ಮಿತಿ 5 ನಿಮಿಷ ಎಂದಾಗ ಶಿಕ್ಷಕರು ಮೊದಲು ಕೈಬಿಡುವುದು ನಿಧಾನಗತಿಯ ಸಂಗೀತವನ್ನು. ಐದು ನಿಮಿಷದಲ್ಲಿ ಎಷ್ಟು ಹೆಚ್ಚು ಸ್ವರ ತುಂಬಿಸಬಹುದು ಎಂಬ ಲೆಕ್ಕ ಯಾರೂ ಹೇಳಿಕೊಡದೆಯೇ ಹುಟ್ಟಿಕೊಳ್ಳುತ್ತದೆ. ಹೇಡನ್ 1796ರಲ್ಲಿ ಟ್ರಂಪೆಟ್ ಕನ್ಸರ್ಟೊ ಬರೆದದ್ದು ಆಂಟನ್ ವೈಡಿಂಗರ್ ಅವರು ಕೀಲಿಗಳನ್ನು ಅಳವಡಿಸಿದ್ದ ಹೊಸ ಟ್ರಂಪೆಟ್‌ಗಾಗಿ. ಹಳೆಯ ಟ್ರಂಪೆಟ್‌ಗೆ ಕೆಳ ಸ್ಥಾಯಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸ್ವರಗಳು ಸಿಗುತ್ತಿರಲಿಲ್ಲ. ಆ ಹೊಸ ಸಾಮರ್ಥ್ಯ ಎದ್ದು ಕೇಳುವುದು ನಿಧಾನವಾದ ಎರಡನೆಯ ಮೂವ್‌ಮೆಂಟಿನಲ್ಲಿ, ಟ್ರಂಪೆಟ್ ತುತ್ತೂರಿಯ ಗತ್ತನ್ನು ಬಿಟ್ಟು ಮನುಷ್ಯರಂತೆ ಹಾಡುವಲ್ಲಿ. ಅದರ ಅವಧಿ 4 ನಿಮಿಷದ ಆಸುಪಾಸು. ಯಾವ ಮಿತಿಗೂ ಹೊಂದುತ್ತದೆ. ಆದರೂ ಸ್ಪರ್ಧೆಗಳಲ್ಲಿ ನಾನು ಪಕ್ಕವಾದ್ಯ ನುಡಿಸಿದ್ದು ಯಾವಾಗಲೂ ಮೊದಲನೆಯದಕ್ಕೋ ಮೂರನೆಯದಕ್ಕೋ. ಶೂಮನ್ 1838ರಲ್ಲಿ ಬರೆದ ಟ್ರಾಯ್ಮರೈ ಎಂಬ ಪಿಯಾನೊ ತುಣುಕಿಗೆ ಬರೆದ ಬಾರುಗಳು 24 ಮಾತ್ರ, ಕೆಲವು ವರ್ಷ ಕಲಿತ ಮಗುವೂ ಸ್ವರಗಳನ್ನು ಒತ್ತಬಲ್ಲದು. ಅದನ್ನು ನುಡಿಸಲು ಕೂತ ಹದಿನೇಳು ವರ್ಷದವನ ಬಗ್ಗೆ ಎರಡೂವರೆ ನಿಮಿಷದಲ್ಲಿ ನನಗೆ ತಿಳಿಯುವಷ್ಟು, ಹತ್ತು ನಿಮಿಷದ ಅಬ್ಬರದಿಂದ ತಿಳಿಯುವುದಿಲ್ಲ. ಆದರೆ ಅಂಥದ್ದನ್ನು ಆರಿಸಿ ಬಂದವನಿಗೆ 'ಕೃತಿಯ ಕಠಿಣತೆ' ಎಂಬ ಕಾಲಮಿನಲ್ಲಿ ಹತ್ತಕ್ಕೆ ಎರಡು ಅಂಕ ಬರೆಯಬೇಕಾಗುತ್ತದೆ. ನಾನೇ ಬರೆದಿದ್ದೇನೆ, ಆ ಹಾಳೆ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಗಾಯನದ ಮಕ್ಕಳ ಕಷ್ಟ ಇನ್ನೊಂದು ಬಗೆಯದು, ಏಕೆಂದರೆ ಅಲ್ಲಿ ಮಾತಿದೆ. ಒಂದೇ ಧಾಟಿಯಲ್ಲಿ ಚರಣಗಳು ಮರಳುವ ಹಾಡಿನಲ್ಲಿ ಒಂದು ಚರಣ ಬಿಟ್ಟರೆ ಸಂಗೀತಕ್ಕೆ ಗಾಯವಾಗುವುದಿಲ್ಲ, ಅರ್ಥಕ್ಕಾದರೆ ಆಯಿತು ಅಷ್ಟೆ. ಶೂಬರ್ಟ್ 1815ರಲ್ಲಿ ಗಯಟೆಯ ಕವಿತೆಗೆ ಕಟ್ಟಿದ ಎರ್ಲ್‌ಕ್ಯೋನಿಶ್‌ನಂಥ ಹಾಡಿನಲ್ಲಿ ಅದೂ ಸಾಧ್ಯವಿಲ್ಲ. ನಿರೂಪಕ, ತಂದೆ, ಮಗು, ಮಾಯಾವಿ ರಾಜ ಹೀಗೆ ನಾಲ್ಕು ದನಿಗಳನ್ನು ಒಬ್ಬರೇ ಹಾಡಬೇಕು, ಮಗು ಸತ್ತಿತ್ತು ಎಂಬ ಮಾತು ಕೊನೆಯ ಸಾಲಿನಲ್ಲಿದೆ. ಹಾಡಿನ ಅವಧಿ ಸುಮಾರು 4 ನಿಮಿಷ. ನಾಲ್ಕು ನಿಮಿಷದ ಮಿತಿಯಿದ್ದರೆ ಗಂಟೆ ಬೀಳುವುದು ಆ ಸಾಲಿಗೆ ಸ್ವಲ್ಪ ಮುಂಚೆ. (ಆ ಹಾಡಿನ ಪಿಯಾನೊ ಭಾಗದಲ್ಲಿ ಕುದುರೆಯ ಓಟಕ್ಕಾಗಿ ಬಲಗೈ ಒಂದೇ ಸಮನೆ ಒಂದು ಸ್ಥಾಯಿ ಅಂತರದ ಜೋಡಿ ಸ್ವರಗಳನ್ನು ಕುಟ್ಟುತ್ತಿರಬೇಕು. ಬೇಗ ಮುಗಿಯಲಿ ಎಂದು ಹಾರೈಸುವ ಏಕೈಕ ವ್ಯಕ್ತಿ ನಾನಾಗಿರುತ್ತೇನೆ, ಆದರೂ ಗಂಟೆಯ ಪರವಾಗಿ ವಾದಿಸಲಾರೆ.)

ಇಲ್ಲಿಯವರೆಗೆ ಬರೆದಿಟ್ಟ ಸಂಗೀತದ ಮಾತಾಯಿತು. ರಾಗಸಂಗೀತದ ಸ್ಪರ್ಧೆಗಳಲ್ಲಿ ಪ್ರಶ್ನೆ ಬೇರೆ, ಏಕೆಂದರೆ ಅಲ್ಲಿ ಅವಧಿಯನ್ನು ನಿರ್ಧರಿಸುವವರು ಹಾಡುವವರೇ. ಕರ್ನಾಟಕ ಸಂಗೀತದ ಕೃತಿಯೊಂದನ್ನು ಆಲಾಪನೆ, ನೆರವಲ್ (ಒಂದೇ ಸಾಲನ್ನು ಬೆಳೆಸಿ ಹಾಡುವುದು), ಕಲ್ಪನಾಸ್ವರಗಳೊಂದಿಗೆ (ಹಾಡುವಾಗಲೇ ಕಲ್ಪಿಸುವ ಸ್ವರಗಳು) ಮುಕ್ಕಾಲು ಗಂಟೆ ಹಾಡಬಹುದು, ಬರಿಯ ಪಲ್ಲವಿ, ಅನುಪಲ್ಲವಿ, ಚರಣಗಳನ್ನಷ್ಟೇ 5 ನಿಮಿಷದಲ್ಲಿ ಹಾಡಿ ಮುಗಿಸಬಹುದು; ಎರಡೂ ಪೂರ್ಣವೇ. ಹಾಗಾದರೆ ಕಾಲಮಿತಿಯಿಂದ ಅಲ್ಲಿ ತೊಂದರೆಯಿಲ್ಲವೆಂದು ತೋರಬಹುದು. ಆದರೆ ಆಗುವುದೇನು? ಹಿಂದೂಸ್ತಾನಿಯಲ್ಲಿ ಅತಿ ವಿಲಂಬಿತದ, ಅಂದರೆ ಬಹು ನಿಧಾನದ, ಏಕತಾಲದಲ್ಲಿ 12 ಮಾತ್ರೆಗಳ ಒಂದು ಆವರ್ತನಕ್ಕೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ. ಆರು ನಿಮಿಷದ ಸ್ಪರ್ಧೆಯಲ್ಲಿ ಬಂದಿಶ್ (ಹಾಡಿನ ಸಾಹಿತ್ಯವಿರುವ ರಚನೆ) ಹೇಳಿ, ರಾಗವನ್ನು ಷಡ್ಜದಿಂದ ಮೆಲ್ಲನೆ ಬಿಡಿಸಲು ಹೊರಟ ಹುಡುಗ ಪಂಚಮ ಮುಟ್ಟುವುದರೊಳಗೆ ಸಮಯ ಮುಗಿಯುತ್ತದೆ. ಆದ್ದರಿಂದ ಗುರುಗಳು ನಿಧಾನಗತಿಯ ಬಡಾ ಖ್ಯಾಲನ್ನು ಬದಿಗಿಟ್ಟು ವೇಗದ ದ್ರುತ್ ಬಂದಿಶ್ ಒಂದನ್ನು ತಾನುಗಳ (ವೇಗದ ಸ್ವರಗುಚ್ಛಗಳ) ಸಮೇತ ಕೂಡಿಸಿಕೊಡುತ್ತಾರೆ. ಕಲ್ಪನಾಸ್ವರಗಳೂ ಅಷ್ಟೇ, ಮುಕ್ತಾಯದ ಲೆಕ್ಕಾಚಾರ ತಪ್ಪಬಾರದೆಂದು ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಹೆಸರು ಮಾತ್ರ ಕಲ್ಪನೆ, ಕಲ್ಪಿಸಿದವರು ಮನೆಯಲ್ಲಿ ಕುಳಿತ ಗುರುಗಳು. ಮನೋಧರ್ಮ (ಹಾಡುವಾಗಲೇ ಕಲ್ಪಿಸುವ ಶಕ್ತಿ) ಎಂಬ ಶೀರ್ಷಿಕೆಯಡಿ ನಾವು ಅಂಕ ಕೊಡುತ್ತಿರುವುದು ಜ್ಞಾಪಕಶಕ್ತಿಗೆ.

ಕಾಲ ಕಡಿಮೆಯಾದರೆ ಸಂಗೀತ ಕೆಡಲೇಬೇಕು ಎಂದು ನಾನು ಹೇಳುತ್ತಿಲ್ಲ. ಇದಕ್ಕೆ ವಿರುದ್ಧವಾದ ಬಲವಾದ ಸಾಕ್ಷ್ಯ ನನ್ನ ಬಳಿಯೇ ಇದೆ. 1902ರಲ್ಲಿ ಗೌಹರ್ ಜಾನ್ ಧ್ವನಿಮುದ್ರಣಕ್ಕೆ ಹಾಡಿದ ಕಾಲದಿಂದ ಮುಂದೆ ಹಲವು ದಶಕಗಳ ಕಾಲ ಗ್ರಾಮಫೋನಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು 3 ನಿಮಿಷ ಚಿಲ್ಲರೆ. ರಾತ್ರಿಯಿಡೀ ಹಾಡಬಲ್ಲವರು ಆ ಮೂರು ನಿಮಿಷಕ್ಕೆ ರಾಗವನ್ನು ಇಳಿಸಿಕೊಟ್ಟರು. ಅಬ್ದುಲ್ ಕರೀಂ ಖಾನರ ತಟ್ಟೆಗಳನ್ನು ಕೇಳಿದವರಿಗೆ ಅಲ್ಲಿ ಅವಸರದ ಸುಳಿವೂ ಸಿಗುವುದಿಲ್ಲ. ಈ ಉದಾಹರಣೆಯನ್ನು ಒಬ್ಬ ಸಂಘಟಕರು ನನ್ನ ಎದುರಿಗೇ ಇಟ್ಟು, "ಅವರಿಗೆ ಮೂರು ನಿಮಿಷ ಸಾಕಾಯಿತು, ನಿಮ್ಮ ಹುಡುಗರಿಗೆ ಏನಾಗಿದೆ?" ಎಂದು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಆದರೆ ಅದು ಪರಿಪಕ್ವವಾದ ಕಲಾವಿದರು ತಮ್ಮ ಭಂಡಾರದಿಂದ ಆರಿಸಿ, ಯಾವುದನ್ನು ಬಿಡಬೇಕೆಂದು ಅರಿತು ಮಾಡಿದ ಕೆಲಸ. ವಿಸ್ತಾರವನ್ನು ಬಲ್ಲವರಿಗೆ ಸಂಕ್ಷೇಪ ಸಾಧ್ಯವಾಗುತ್ತದೆ. ವಿಸ್ತಾರವನ್ನೇ ಇನ್ನೂ ಕಲಿಯುತ್ತಿರುವ ವಿದ್ಯಾರ್ಥಿಯಿಂದ ಸಂಕ್ಷೇಪವನ್ನಷ್ಟೇ ಬೇಡಿದರೆ ಅವನು ಕಲಿಯುವುದು ಸಂಕ್ಷೇಪವನ್ನಲ್ಲ, ಅವಸರವನ್ನು. ಜೊತೆಗೆ ಅವರ ಮುಂದೆ ಗಂಟೆ ಹಿಡಿದು ಅಂಕ ಕಳೆಯುವವರು ಯಾರೂ ಕುಳಿತಿರಲಿಲ್ಲ.

ನಿಮ್ಮ ಕಷ್ಟವೂ ನನಗೆ ಗೊತ್ತಿದೆ. ನಲವತ್ತು ಮಕ್ಕಳು, ಒಂದು ಸಭಾಂಗಣ, ಮೂವರು ತೀರ್ಪುಗಾರರು, ಸಂಜೆಗೆ ಬಹುಮಾನ ವಿತರಣೆ. ತಲಾ 6 ನಿಮಿಷವೆಂದರೆ ಸಂಗೀತವೇ 4 ಗಂಟೆ. ಒಬ್ಬರು ಇಳಿದು ಇನ್ನೊಬ್ಬರು ಹತ್ತಿ, ಸ್ಟ್ಯಾಂಡ್ ಸರಿಪಡಿಸಿ, ಶ್ರುತಿ ಸೇರಿಸಿಕೊಳ್ಳಲು ತಲಾ 3 ನಿಮಿಷವಾದರೆ ಅದು ಇನ್ನೂ 2 ಗಂಟೆ. ದಿನ ಉದ್ದವಾಯಿತೆಂದು ನೀವು ಮಿತಿಯನ್ನು 5 ನಿಮಿಷಕ್ಕೆ ಇಳಿಸುತ್ತೀರಿ, 40 ನಿಮಿಷ ಉಳಿಯುತ್ತದೆ. ಅದೇ ಸಭಾಂಗಣದ ಪಕ್ಕದ ಕೋಣೆಯಲ್ಲಿ ಒಂದು ಶ್ರುತಿಪೆಟ್ಟಿಗೆಯನ್ನೋ ಟ್ಯೂನರನ್ನೋ ಇಟ್ಟು, ಮುಂದಿನ ಇಬ್ಬರು ಮೊದಲೇ ಸಿದ್ಧರಾಗಿ ಬಾಗಿಲ ಬಳಿ ನಿಲ್ಲುವಂತೆ ಮಾಡಿದರೆ 3 ನಿಮಿಷ 2 ಆಗುತ್ತದೆ; ಉಳಿತಾಯ ಅಷ್ಟೇ 40 ನಿಮಿಷ, ಒಂದು ಸ್ವರವೂ ಹೋಗುವುದಿಲ್ಲ. ಉದ್ಘಾಟನೆಯ ಭಾಷಣಗಳ ಮಾತನ್ನು ನಾನು ಎತ್ತುವುದಿಲ್ಲ. ಅವುಗಳಿಗೆ ಮಿತಿ ಹಾಕಿದ ಗಂಟೆಯನ್ನು ಮಾತ್ರ ಇಲ್ಲಿಯವರೆಗೆ ನೋಡಿಲ್ಲ.

ಮಿತಿಯೇ ಬೇಡ ಎಂಬುದು ನನ್ನ ವಾದವಲ್ಲ, ಹಾಗಾಗಿ ನಾನು ಕೇಳುತ್ತಿರುವುದೇನು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಮಿತಿ ಇರಲಿ, ಆದರೆ ಅದು ತೀರ್ಪುಗಾರರು ಕೇಳುವ ಅವಧಿಗೆ ಇರುವ ಮಿತಿಯಾಗಲಿ, ವಿದ್ಯಾರ್ಥಿಯ ತಲೆಯ ಮೇಲೆ ತೂಗುವ ದಂಡವಾಗದಿರಲಿ. ಅಂದರೆ, 7 ನಿಮಿಷವಾದ ಮೇಲೆ ತೀರ್ಪುಗಾರರು ಒಂದು ಸಾಲು ಮುಗಿಯುವುದನ್ನು ಕಾದು, "ಧನ್ಯವಾದ, ಇಷ್ಟು ಸಾಕು" ಎಂದು ನಿಲ್ಲಿಸುವ ಅಧಿಕಾರ ಉಳಿಸಿಕೊಳ್ಳಲಿ. ನಿಲ್ಲಿಸಿದ್ದಕ್ಕಾಗಿ ಅಂಕ ಕಳೆಯುವುದಿಲ್ಲವೆಂದು ನಿಯಮದಲ್ಲೇ ಬರೆದು, ಮಕ್ಕಳಿಗೂ ಪೋಷಕರಿಗೂ ಮೊದಲೇ ತಿಳಿಸಲಿ. ಹೀಗೆ ಮಾಡಿದರೆ ಯಾರೂ ಬೇಕೆಂದೇ ಉದ್ದದ ಕೃತಿ ತಂದು ಲಾಭ ಪಡೆಯಲಾರರು, ಏಕೆಂದರೆ ಕೇಳುವುದು ಎಲ್ಲರದ್ದೂ ಅಷ್ಟೇ ಹೊತ್ತು. ಎಚ್ಚರಿಕೆಯ ಗಂಟೆಯನ್ನಂತೂ ದಯವಿಟ್ಟು ಇಂದೇ ಎತ್ತಿಡಿ. ಸಂಗೀತ ನಡೆಯುತ್ತಿರುವಾಗ ಬೇರೆ ಶ್ರುತಿಯಲ್ಲಿ ಒಂದು ಲೋಹ ಬಡಿಯುವುದನ್ನು ಸಂಗೀತ ಸ್ಪರ್ಧೆಯವರೇ ಏರ್ಪಾಡು ಮಾಡುವುದು ನನಗೆ ಎಂದೂ ಅರ್ಥವಾಗಿಲ್ಲ. ಅಗತ್ಯವಿದ್ದರೆ ಕಣ್ಣಿಗೆ ಕಾಣುವ ಒಂದು ದೀಪ ಸಾಕು.

ಗಡಿಯಾರ ಎಲ್ಲಿಂದ ಓಡಬೇಕೆಂಬುದನ್ನೂ ಬರೆಯಿರಿ. ಏಕವಾದಕ ಅಥವಾ ಗಾಯಕರ ಮೊದಲ ಸ್ವರದಿಂದ ಎಂದು ಬರೆದರೆ ಮೊಜಾರ್ಟ್, ಬೀಥೋವನ್ ಇಬ್ಬರೂ ಬದುಕಿಕೊಳ್ಳುತ್ತಾರೆ. ಪಿಯಾನೊ ಪೀಠಿಕೆ ಎಂಟು ಬಾರು ಮೀರಬಾರದೆಂದು ಜೊತೆಗೆ ಸೇರಿಸಿದರೆ ನಿಮ್ಮ ವೇಳಾಪಟ್ಟಿಯೂ ಉಳಿಯುತ್ತದೆ. ಒಡಲಿನ ಕತ್ತರಿಕೆಯ ಬಗ್ಗೆ ನನ್ನ ನಿಲುವು ಕಠಿಣವಾದದ್ದು: ಒಂದು ಮೂವ್‌ಮೆಂಟ್ ಮಿತಿಯೊಳಗೆ ಬಾರದಿದ್ದರೆ ಅದನ್ನು ಪಟ್ಟಿಗೆ ಹಾಕಬೇಡಿ, ಹಾಕಿದರೆ ಅದಕ್ಕೆ ಬೇಕಾದಷ್ಟು ಹೊತ್ತು ಕೊಡಿ. ಎಲ್ಲ ವಯಸ್ಸಿನವರಿಗೂ ಒಂದೇ ಮಿತಿ ಇಡುವುದರಲ್ಲೂ ಅರ್ಥವಿಲ್ಲ. ಒಂಬತ್ತು ವರ್ಷದ ಮಗುವಿಗೆ 3 ನಿಮಿಷ ಧಾರಾಳ. ಹದಿನೆಂಟರ ಹೊಸ್ತಿಲಲ್ಲಿರುವವರಿಗೆ, ಮುಖ್ಯವಾಗಿ ರಾಗಸಂಗೀತದವರಿಗೆ, 15 ನಿಮಿಷಕ್ಕಿಂತ ಕಡಿಮೆ ಕೊಟ್ಟು ಮನೋಧರ್ಮದ ಮಾತಾಡಬಾರದು. ಅಷ್ಟು ಹೊತ್ತು ಎಲ್ಲರಿಗೂ ಕೊಡಲಾಗದಿದ್ದರೆ ಮೊದಲ ಸುತ್ತನ್ನು ಧ್ವನಿಮುದ್ರಣದ ಮೂಲಕ ಮಾಡಿ, ಕಡಿಮೆ ಜನರನ್ನು ಕರೆಸಿ, ಕರೆಸಿದವರನ್ನು ನೆಟ್ಟಗೆ ಕೇಳಿ.

ಇನ್ನು ಪಟ್ಟಿಯ ಮಾತು. ಯಾವುದನ್ನಾದರೂ ನುಡಿಸಿ ಎಂಬ ಸ್ವಾತಂತ್ರ್ಯ ಕೇಳಲು ಹಿತವಾಗಿದೆ, ಆದರೆ ಅದರಿಂದ ಲಾಭವಾಗುವುದು ತಿಳಿವಳಿಕೆಯ ಶಿಕ್ಷಕರಿರುವ ಮಕ್ಕಳಿಗೆ. ಉಳಿದವರು ಹಿಂದಿನ ವರ್ಷ ಗೆದ್ದವರು ನುಡಿಸಿದ್ದನ್ನೇ ತರುತ್ತಾರೆ. ಎಲ್ಲರಿಗೂ ಒಂದೇ ಕಡ್ಡಾಯ ಕೃತಿ ಇಟ್ಟರೆ ಹೋಲಿಕೆ ಸುಲಭ. ಇಪ್ಪತ್ತೈದನೆಯ ಸಲ ಅದನ್ನೇ ಕೇಳುವಾಗ ನನ್ನ ಕಿವಿ ಎಷ್ಟು ನ್ಯಾಯವಾಗಿರುತ್ತದೆಂದು ನಾನು ಆಣೆ ಮಾಡಿ ಹೇಳಲಾರೆ. ನನಗೆ ಸರಿಯೆನಿಸುವುದು ವಿಶಾಲವಾದ ಪಟ್ಟಿ, ಅದರೊಳಗೆ ಒಂದು ಕಡ್ಡಾಯ: ಪ್ರತಿಯೊಬ್ಬರೂ ವಿರುದ್ಧ ಸ್ವಭಾವದ ಎರಡು ತುಣುಕುಗಳನ್ನು ತರಬೇಕು, ಅವುಗಳಲ್ಲಿ ಒಂದು ನಿಧಾನಗತಿಯದಾಗಿರಬೇಕು. ಪಕ್ಕವಾದ್ಯದವರು ಸಿಗದ ಮಕ್ಕಳಿಗಾಗಿ ಒಂಟಿ ವಾದ್ಯದ ಸಂಗೀತ ಪಟ್ಟಿಯಲ್ಲಿ ಇರಲೇಬೇಕು. ಟೆಲೆಮನ್ ಫ್ಲೂಟ್‌ಗೆ ಬರೆದ 12 ಫ್ಯಾಂಟಸಿಗಳಿವೆ, ಬ್ರಿಟನ್ 1951ರಲ್ಲಿ ಓಬೊಗೆ ಬರೆದ ಆರು ರೂಪಾಂತರಗಳಿವೆ. ತುಣುಕುಗಳು ಚಿಕ್ಕವು, ಮಿತಿಗೆ ತಕ್ಕಂತೆ ಎರಡನ್ನೋ ಮೂರನ್ನೋ ಆರಿಸಿಕೊಳ್ಳಬಹುದು. ಟ್ಯೂಬಾ, ಡಬಲ್ ಬಾಸ್, ಬಸೂನಿನಂಥ ವಾದ್ಯಗಳ ಮಕ್ಕಳು ಪಿಟೀಲಿನವರ ಮುಂದೆ ಬಡವರಾಗಿ ನಿಲ್ಲುತ್ತಾರೆಂಬುದು ನಿಜ, ಆದರೆ ಹಿಂಡೆಮಿತ್ 1936ರ ಫ್ಲೂಟ್ ಸೊನಾಟಾದಿಂದ 1955ರ ಟ್ಯೂಬಾ ಸೊನಾಟಾದವರೆಗೆ ವಾದ್ಯವೃಂದದ ಬಹುತೇಕ ಎಲ್ಲ ವಾದ್ಯಗಳಿಗೂ ಪಿಯಾನೊ ಸಮೇತ ಸೊನಾಟಾ ಬರೆದಿಟ್ಟಿದ್ದಾರೆ. ಅವುಗಳ ಪಿಯಾನೊ ಭಾಗ ಸುಲಭವಲ್ಲ. ಅದು ನನ್ನಂಥವರ ಪಾಡು, ನಿಮ್ಮ ಚಿಂತೆಯಲ್ಲ. 'ಕೃತಿಯ ಕಠಿಣತೆ' ಎಂಬ ಕಾಲಮನ್ನು ಹೊಡೆದುಹಾಕಿ. ತನ್ನ ಮಟ್ಟಕ್ಕಿಂತ ಎರಡು ಮೆಟ್ಟಿಲು ಮೇಲಿನದನ್ನು ಹೊತ್ತು ತಂದು ಎಡವುವ ಮಗುವಿಗೆ ಆ ಕಾಲಮಿನ ಹೊರತು ಬೇರೆ ಆಮಿಷವಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಮುಂದಿನ ವರ್ಷದ ನಿಯಮಾವಳಿ ಅಚ್ಚಿಗೆ ಹೋಗುವ ಮೊದಲು ಒಂದು ಸಂಜೆ ಸಮಿತಿಯವರೆಲ್ಲ ಒಟ್ಟಿಗೆ ಕುಳಿತು, ನಿಮ್ಮದೇ ಪಟ್ಟಿಯಲ್ಲಿರುವ ಕೃತಿಗಳನ್ನು ಒಂದೊಂದಾಗಿ, ರಚಿಸಿದವರು ಬಯಸಿದ ಗತಿಯಲ್ಲಿ, ಗಡಿಯಾರ ಇಟ್ಟುಕೊಂಡು ಕೇಳಿ. ಪ್ರತಿಯೊಂದರ ಎದುರಿಗೆ ಅದರ ಅವಧಿಯನ್ನು ಬರೆದ ಮೇಲೆ ಮಿತಿಯ ಸಾಲನ್ನು ತುಂಬಿಸಿ. ಆ ಸಂಜೆ ಪಿಯಾನೊ ನುಡಿಸಲು ಜನ ಬೇಕಿದ್ದರೆ ನಾನು ಬರುತ್ತೇನೆ. ಶಾಮಿನಾದ್ ನುಡಿಸಲು ಆ ಹುಡುಗಿಯನ್ನೂ ಕರೆತರುತ್ತೇನೆ. ಅವಳು ಅದನ್ನು ನಿಧಾನವಾಗಿ ನುಡಿಸುವುದನ್ನು ನಾನೂ ಇನ್ನೂ ಕೇಳಿಲ್ಲ.

ಇಂತು ತಮ್ಮ ವಿಶ್ವಾಸಿ,
ಪಕ್ಕವಾದ್ಯದ ಪಿಯಾನೊ ನುಡಿಸುವ ಒಬ್ಬ ಶಿಕ್ಷಕ